ಉಗುರಿನ ನೀರು

ಮಗಳ ಸ್ಕೂಲು ಅಂಗಿಗೆ ಗುಂಡಿ ಹಾಕಲು ಸಣ್ಣಿಗೆ ಆಗಲಿಲ್ಲ. ಗುಂಡಿ ಬೆರಳ ಸಂದಿಯಲ್ಲಿದೆಯೋ ಜಾರಿ ಹೋಯಿತೋ ಎಂಬುದೇ ಕೈಗೆ ತಿಳಿಯುತ್ತಿರಲಿಲ್ಲ. ಕಣ್ಣಲ್ಲಿ ನೋಡಿಕೊಂಡೇ ಹಾಕಬೇಕು. ಬೆರಳ ತುದಿಗಳೆಲ್ಲ ಒಡೆದು ಸೀಳಿದ್ದವು. ಸೀಳಿನ ಅಂಚಿಗೆ ಅಂಗಿಯ ದಾರ ಸಿಕ್ಕಿ ಚುರ್ರೆಂದಿತು. ಮುಟ್ಟಿದ್ದು ತಿಳಿಯದ ಕೈಗೆ ಉರಿ ಮಾತ್ರ ಚೆನ್ನಾಗಿ ತಿಳಿಯುತ್ತದೆ, ಇದೆಂಥ ನ್ಯಾಯವೋ!

"ಬಿಡಮ್ಮ, ಚಿಕ್ಕಮ್ಮ ಹಾಕ್ತಾಳೆ," ಎಂದಳು ಮಗಳು. "ನಿನ್ ಕೈ ವಾಸ್ನೆ."

ಆ ವಾಸನೆ ಸಣ್ಣಿಯ ಮೂಗಿಗೆ ಯಾವತ್ತೋ ತಿಳಿಯದಂತಾಗಿತ್ತು. ಸೋಪು ಹಾಕಿ ತಿಕ್ಕಿದರೂ ಹೋಗದು. ದಿಂಬಿಗೂ ಹತ್ತಿತ್ತು, ತಲೆಗೂದಲಿಗೂ ಹತ್ತಿತ್ತು.

ಚಿಕ್ಕಮ್ಮ ಎಂದರೆ ಸಣ್ಣಿಯ ತಂಗಿ. ಟೈರು ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಈ ಮೂವರ ಸಂಸಾರ. ಸಣ್ಣಿಯ ಗಂಡ ಕೆಲಸಕ್ಕೆಂದು ಬೇರೆ ಊರಿಗೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದ. ಅವನ ಮಾತು ಈ ಕೋಣೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಕ್ಕ ತಂಗಿ ಇಬ್ಬರೂ ಕೃತಕ ಉಗುರು ಕಟ್ಟುವ ಅಂಗಡಿಯಲ್ಲಿ ದುಡಿಯುತ್ತಿದ್ದರು. ಸಣ್ಣಿಗೆ ಅಲ್ಲಿ ಕುರ್ಚಿ ಇತ್ತು. ತಂಗಿಗೆ ಇರಲಿಲ್ಲ. ಗುಡಿಸುವುದು, ಒರೆಸುವುದು, ಗಿರಾಕಿಗಳ ಹಳೆಯ ಉಗುರು ಕೀಳುವುದು ಅವಳ ಪಾಲು. "ನಂಗೊಂದು ಕುರ್ಚಿ ಸಿಕ್ಕಿದ್ರೆ" ಎನ್ನುವುದೇ ಅವಳ ಜಪ. ಕುರ್ಚಿಯಲ್ಲಿ ಕೂತವರಿಗೆ ಮರ್ಯಾದೆಯೂ ಇತ್ತು, ಕೈಗೆ ನಾಲ್ಕು ಕಾಸೂ ಹೆಚ್ಚು ಬರುತ್ತಿತ್ತು.

ಅಂಗಡಿಯ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಸಣ್ಣಿ ಸೇರಿದ ಮೊದಲ ದಿನವೇ ಮೇಡಂ ಎರಡು ಗಾಜಿನ ಬಟ್ಟಲು ಮುಂದಿಟ್ಟು ಪಾಠ ಹೇಳಿದ್ದಳು.

"ನೋಡು, ಇದು ನೀರು, ಇದು ಹಿಟ್ಟು. ಮನೇಲಿ ಅಡುಗೆ ಮಾಡೋರಿಗೆ ಇದೇನು ಕಷ್ಟ ಅಲ್ಲ."

ಅಂದಿನಿಂದ ಅದು ನೀರು, ಇದು ಹಿಟ್ಟು. ಗಿರಾಕಿಯ ಉಗುರನ್ನು ಮೊದಲು ಉಜ್ಜಿ ಹೊಳಪು ತೆಗೆಯಬೇಕು. ಹಿಡಿತಕ್ಕೆಂದು ಒಂದು ಆಸಿಡ್ಡು ಸವರಬೇಕು; ಅದು ಚರ್ಮಕ್ಕೆ ತಗುಲಿದರೆ ಬೆಂಕಿ. ಆಮೇಲೆ ಬ್ರಷ್ಷನ್ನು ನೀರಿಗೆ ಅದ್ದಿ ತುದಿಯನ್ನು ಹಿಟ್ಟಿಗೆ ಮುಟ್ಟಿಸಿದರೆ ತುದಿಯಲ್ಲೊಂದು ಮುತ್ತು ಕೂರುತ್ತದೆ. ನೀರು ಹೆಚ್ಚಾದರೆ ಹರಿದು ಚರ್ಮಕ್ಕಿಳಿಯುತ್ತದೆ, ಹಿಟ್ಟು ಹೆಚ್ಚಾದರೆ ಉದುರುತ್ತದೆ. ಹದವಾದ ಮುತ್ತನ್ನು ಉಗುರ ಮೇಲಿಟ್ಟು, ಒತ್ತಿ, ಎಳೆದು ಆಕಾರ ಕೊಡುವಷ್ಟರಲ್ಲಿ ಅದು ತನ್ನಷ್ಟಕ್ಕೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಆಮೇಲೆ ಮಿಷನ್ನಿನಲ್ಲಿ ತೀಡುವುದು. ಬಿಳಿ ದೂಳು ರೆಪ್ಪೆಗೂ ಮೂಗಿಗೂ ಕೂತು, ಸಂಜೆಯ ಹೊತ್ತಿಗೆ ಎಲ್ಲರೂ ಗಿರಣಿಯಿಂದ ಎದ್ದು ಬಂದವರಂತೆ ಕಾಣುತ್ತಿದ್ದರು.

ನೀರೂ ಹಿಟ್ಟೂ ಸೇರಿ ಒಲೆಯಿಲ್ಲದೆ ಬಿಸಿಯಾಗುವುದನ್ನು ಅವರು ಯಾವ ಅಡುಗೆಮನೆಯಲ್ಲಿ ಕಂಡಿದ್ದರು? ಆದರೂ ಯಾರೂ ಕೇಳಲಿಲ್ಲ. ಹೊಟ್ಟೆಪಾಡಿನ ಜಾಗದಲ್ಲಿ ಪ್ರಶ್ನೆ ಕೇಳುವ ಅಭ್ಯಾಸ ಬಡವರಿಗೆ ಇರುವುದಿಲ್ಲ. ಆ ಅಭ್ಯಾಸ ಆಗದಂತೆ ನೋಡಿಕೊಳ್ಳುವವರು ಮಾತ್ರ ಎಲ್ಲ ಕಡೆಯೂ ಇರುತ್ತಾರೆ.

ಮೊದಮೊದಲು ಆ ನೀರು ಮೇಲೆ ಹೂವಿನ ಚಿತ್ರ ಅಚ್ಚು ಹಾಕಿದ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಆಗ ಕಟ್ಟಿದ ಉಗುರನ್ನು ತೆಗೆಯುವುದೂ ಸುಲಭವಿತ್ತು. ಉಗುರು ಬಣ್ಣ ತೆಗೆಯುವ ಅಸಿಟೋನಿನಲ್ಲಿ ಬೆರಳು ನೆನೆಸಿ ಕೂತರೆ ಮೆತ್ತಗಾಗಿ ಕಳಚಿ ಬರುತ್ತಿತ್ತು. ಆಮೇಲೆ ಮೇಡಂ ಕಾರಿನ ಡಿಕ್ಕಿಯಲ್ಲಿ ಒಂದು ಬೋಳು ತಗಡಿನ ಕ್ಯಾನು ಬರತೊಡಗಿತು. ಅದರ ಮೇಲೆ ಚೀಟಿಯಿಲ್ಲ, ಅಕ್ಷರವಿಲ್ಲ. ಮೇಡಂ ಬಾಗಿಲು ಹಾಕಿಕೊಂಡು ಅದನ್ನು ಹೂವಿನ ಚಿತ್ರದ ಹಳೆಯ ಬಾಟಲಿಗಳಿಗೆ ಸುರಿಯುತ್ತಿದ್ದಳು. ಆ ನೀರಿನಲ್ಲಿ ಕಟ್ಟಿದ ಉಗುರು ಕಲ್ಲು. ಎಷ್ಟು ನೆನೆಸಿದರೂ ಜಗ್ಗದು. ತಂಗಿ ಚಪ್ಪಟೆ ಕಡ್ಡಿ ತೂರಿಸಿ ಮೀಟಿ ಎಬ್ಬಿಸಬೇಕು. ಎಬ್ಬಿಸಿದರೆ ಗಿರಾಕಿಯ ಸ್ವಂತ ಉಗುರಿನ ಪದರವೂ ಕಿತ್ತುಕೊಂಡು ಬರುತ್ತಿತ್ತು.

"ಗಟ್ಟಿ ಇದ್ರೆ ಒಳ್ಳೇದಲ್ವೇನ್ರೇ? ಬಿದ್ದೋಗೋ ಉಗುರಿಗೆ ಯಾರು ಬರ್ತಾರೆ?" ಎನ್ನುತ್ತಿದ್ದಳು ಮೇಡಂ.

ಸಣ್ಣಿಯ ಬೆರಳು ಮೊದಲು ಕೆರೆಯಿತು. ಆಮೇಲೆ ನೀರ್ಗುಳ್ಳೆ, ಆಮೇಲೆ ಸೀಳು, ಕೊನೆಗೆ ಮರಗಟ್ಟಿತು. ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಂತು ನಿಂತು ಡಾಕ್ಟರ ಮುಂದೆ ಹೋದರೆ, ಆತ ಮುಖವೆತ್ತದೆ ಕೇಳಿದ.

"ಏನ್ ಕೆಲಸ?"

"ಬ್ಯೂಟಿ ಪಾರ್ಲರ್‌ನಲ್ಲಿ ಸಾರ್. ನೀರು ಹಿಟ್ಟು ಕಲ್ಸೋದು."

"ನೀರಿಗೆ ಕೈ ಹಾಕ್ಬೇಡ. ಪಾತ್ರೆ ಬಟ್ಟೆ ಬೇರೆಯವರು ತೊಳೀಲಿ. ತೊಳೀಲೇಬೇಕು ಅಂದ್ರೆ ಉಗುರುಬೆಚ್ಚಗಿನ ನೀರು."

ಮುಲಾಮು ಬರೆದುಕೊಟ್ಟು ಮುಂದಿನವರನ್ನು ಕರೆದ. ಮನೆಗೆ ಬಂದು ಹೇಳಿದರೆ ತಂಗಿ ನಕ್ಕಳು. "ಉಗುರಿನ ನೀರೇ ಕಾಯ್ಲೆ, ಉಗುರುಬೆಚ್ಚಗಿನ ನೀರೇ ಔಷ್ದಿ. ಚೆನ್ನಾಗಿದೆ ಕಣೆ ನಿನ್ ಡಾಕ್ಟ್ರು." ಆದರೂ ಪಾಪ, ಅಂದಿನಿಂದ ಮನೆಯ ಪಾತ್ರೆಗೆ ಅಕ್ಕನ ಕೈ ಸೋಕಲು ಅವಳು ಬಿಡಲಿಲ್ಲ. ಕೊಳಾಯಿಯ ನೀರನ್ನು ವೈರಿಯಂತೆ ದೂರವಿಟ್ಟು, ಹಗಲಿಡೀ ಅಂಗಡಿಯ ನೀರಿನಲ್ಲಿ ಬೆರಳಾಡಿಸುತ್ತಿದ್ದಳು ಸಣ್ಣಿ. ಕೈ ವಾಸಿಯಾಗಲಿಲ್ಲ. ಹೇಗಾದೀತು?

ಎಡಗೈ ಹೆಬ್ಬೆರಳ ಉಗುರು ಬುಡದಿಂದ ಎದ್ದು ಕೀವಾದಾಗ ತಂಗಿ ಬೈದು ಮತ್ತೆ ಕಳಿಸಿದಳು. ಈ ಸಲ ಸಿಕ್ಕವಳು ಚರ್ಮದ ಡಾಕ್ಟರಮ್ಮ. ಆಕೆ ಕೈ ಹಿಡಿದು ನೋಡಿದಳು, ಮೂಸಿಯೂ ನೋಡಿದಳು.

"ನೀರು ಅಂದ್ರೆ ಯಾವ ನೀರಮ್ಮ?"

"ಉಗುರು ಕಟ್ಟೋ ನೀರು."

"ಅದು ನೀರಲ್ಲ ಕಣಮ್ಮ. ಹಲ್ಲಿನ ಸೆಟ್ಟು ಮಾಡೋಕೆ, ಮಂಡಿ ಬದಲಾಯಿಸೋವಾಗ ಸಿಮೆಂಟ್ ಥರ ಹಾಕೋಕೆ ಒಂದು ದ್ರವ ಬಳಸ್ತಾರೆ. ಅಗ್ಗ ಅಂತ ಕೆಲವರು ಅದನ್ನೇ ಉಗುರಿಗೂ ಹಾಕ್ತಾರೆ. ಹಾಕ್ಬಾರದು. ನಿಮ್ಮ ಅಂಗಡೀದು ಅದೋ, ಅದರ ಜಾತಿದೇ ಬೇರೆಯದೋ? ಹೆಸರೇನು?"

"ನೀರು ಅಂತಾನೇ ಡಾಕ್ಟ್ರಮ್ಮ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಒಂದ್ಸಲ ಇದು ಮೈಗೆ ಆಗದೆ ಹೋದ್ರೆ ಜನ್ಮಪೂರ್ತಿ ಆಗಲ್ಲ. ನಾಳೆ ನೀನು ಹಲ್ಲು ಕಟ್ಟಿಸ್ಕೊಂಡ್ರೂ ಬಾಯೆಲ್ಲ ಉರೀಬಹುದು. ಏನು ಅಂತ ಗೊತ್ತಾದ್ರೆ, ಕೆಲಸದಿಂದ ಬಂದ ಕಾಯಿಲೆ ಅಂತ ಬರ್ಕೊಡ್ತೀನಿ. ಆಗ ನಿಮ್ಮ ಯಜಮಾನಿ ಜವಾಬ್ದಾರಿ ತಗೋಬೇಕಾಗುತ್ತೆ. ಹೆಸರಿಲ್ಲದ್ದಕ್ಕೆ ನಾನೇನು ಬರೀಲಿ? ಹೆಸರು ಕೇಳ್ಕೊಂಡು ಬಾ. ಇಲ್ಲಾಂದ್ರೆ ಸ್ವಲ್ಪ ತಂದ್ಕೊಡು. ಅಲ್ಲೀವರೆಗೂ ಗ್ಲೌಸ್ ಇಲ್ಲದೆ ಮುಟ್ಬೇಡ."

ಸಣ್ಣಿ ಮೇಡಂ ಬಳಿ ಹೆಸರು ಕೇಳಿದಳು. ಮೇಡಂ ನಕ್ಕಳು. "ನೀರಿಗೆ ಹೆಸರಿಡ್ತಾರಾ? ಹೋಗು, ಗಿರಾಕಿ ಕಾಯ್ತಿದ್ದಾರೆ." ಮಾರನೆಯ ದಿನ ಕೇಳಿದಾಗ ನಗಲಿಲ್ಲ. "ಬೇರೆ ಅಂಗಡಿಯೋರು ಯಾರಾದ್ರೂ ಕೇಳ್ಕೊಂಡು ಬಾ ಅಂದ್ರಾ?" ಎಂದು ದಿಟ್ಟಿಸಿದಳು. ಸಣ್ಣಿ ತನ್ನ ಕುರ್ಚಿಗೆ ಹಿಂದಿರುಗಿದಳು.

ಹೆಸರು ಸಿಗದಿದ್ದರೆ ನೀರೇ ಡಾಕ್ಟರಮ್ಮನ ಬಳಿಗೆ ಹೋಗಲಿ ಎಂದುಕೊಂಡಳು. ಒಂದು ದಿನ ಬೆಳಿಗ್ಗೆ ಕಸ ಗುಡಿಸುವ ಹೊತ್ತಿಗೇ ಅಂಗಡಿಗೆ ಹೋಗಿ, ತಂಗಿಯ ಕಣ್ಣು ತಪ್ಪಿಸಿ, ಹೂವಿನ ಬಾಟಲಿಯಿಂದ ಒಂದಿಷ್ಟನ್ನು ಸುರಿದುಕೊಂಡಳು. ಮಗಳ ಕ್ಲಿಪ್ಪು ಬಂದಿದ್ದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಅದನ್ನು ಹಾಕಿ, ಮುಚ್ಚಳ ಒತ್ತಿ, ಕೈಚೀಲದಲ್ಲಿಟ್ಟುಕೊಂಡು ಆಸ್ಪತ್ರೆಯ ಬಸ್ಸು ಹತ್ತಿದಳು.

ಅರ್ಧ ದಾರಿಯಲ್ಲಿ ತೊಡೆ ತಣ್ಣಗಾಯಿತು. ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದಳು. "ಏನ್ರೀ ಅದು? ಪೆಟ್ರೋಲಾ? ಕಂಡಕ್ಟರ್!" ಸಣ್ಣಿ ಚೀಲ ತೆರೆದಳು. ಡಬ್ಬಿ ಡಬ್ಬಿಯಾಗಿ ಉಳಿದಿರಲಿಲ್ಲ. ತಳ ಕರಗಿ ಅಂಟಾಗಿತ್ತು, ಗೋಡೆ ಬಿರುಕು ಬಿಟ್ಟು ಒಳಕ್ಕೆ ಮಡಚಿಕೊಂಡಿತ್ತು. ಮುಚ್ಚಳ ಮಾತ್ರ ಗಟ್ಟಿಯಾಗಿತ್ತು. ಅದನ್ನು ನೋಡುತ್ತ ನೋಡುತ್ತ ಅವಳ ಕಣ್ಣು ತನ್ನ ಬೆರಳ ಕಡೆ ತಿರುಗಿತು. ಮೇಡಂ ಅದನ್ನು ಯಾವಾಗಲೂ ಗಾಜಿನಲ್ಲೇ ಇಡಿಸುತ್ತಿದ್ದುದು ಯಾಕೆಂದು ಈಗ ಹೊಳೆಯಿತು. ಗಾಜಿಗೆ ಕೊಟ್ಟ ಮರ್ಯಾದೆಯನ್ನು ಯಾರೂ ಕೈಗೆ ಕೊಟ್ಟಿರಲಿಲ್ಲ. ಕಂಡಕ್ಟರ್ ಅವಳನ್ನು ನಡುದಾರಿಯಲ್ಲೇ ಇಳಿಸಿದ. ರಸ್ತೆ ಬದಿ ನಿಂತು ಅತ್ತಳು. ಇನ್ನೊಂದು ಸಲ ಕದಿಯುವ ಧೈರ್ಯ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆಸ್ಪತ್ರೆಗೆ ಹೋಗಲಿಲ್ಲ. ನಡೆದುಕೊಂಡೇ ಅಂಗಡಿಗೆ ಬಂದು ಗಾಜಿನ ಬಾಗಿಲು ತಳ್ಳಿದರೆ, ತನ್ನ ಕುರ್ಚಿಯಲ್ಲಿ ತಂಗಿ ಕೂತಿದ್ದಳು.

"ಬಾ ಸಣ್ಣಿ," ಎಂದಳು ಮೇಡಂ ತುಂಬ ಪ್ರೀತಿಯಿಂದ. "ನೀನು ಬರ್ಲಿಲ್ಲ, ತಂಗೀನ ಕೂರಿಸ್ದೆ. ಹೊಸ ಬೆರಳು, ಚೆನ್ನಾಗಿ ಓಡ್ತಾವೆ. ನಿನ್ ಕೈ ನೋಡಿದ್ರೆ ಗಿರಾಕಿಗಳು ಮುಖ ಸಿಂಡರಿಸ್ತಾರೆ. ಇನ್ಮೇಲೆ ನೀನು ಗುಡ್ಸು. ಯಾರು ದುಡಿದ್ರೂ ನಿಮ್ಮನೆಗೇ ತಾನೆ?"

ತಂಗಿ ತಲೆಯೆತ್ತಲಿಲ್ಲ. ಅವಳ ಮುಂದೆ ಮದುವೆಗೆ ಹೊರಟ ಗಿರಾಕಿ ಕೂತಿದ್ದಳು. ಒಂದು ಕೈ ಮುಗಿದಿತ್ತು, ಇನ್ನೊಂದು ಬಾಕಿ. ಪಕ್ಕದ ಮೇಜುಗಳಲ್ಲಿ ಇನ್ನಿಬ್ಬರು ಹುಡುಗಿಯರು, ಮೂಲೆಯಲ್ಲಿ ಎಲ್ಲರಿಗಿಂತ ಹಿರಿಯವಳಾದ ದೊಡ್ಡಕ್ಕ. ಯಾರ ಕೈಯೂ ನಿಂತಿರಲಿಲ್ಲ.

ಸಣ್ಣಿ ಕರಗಿದ ಡಬ್ಬಿಯನ್ನು ತಂಗಿಯ ಮುಂದಿನ ಟವಲಿನ ಮೇಲಿಟ್ಟಳು.

"ಇದು ಪಾಪು ಕ್ಲಿಪ್ಪಿನ ಡಬ್ಬಿ ಅಲ್ವೇನೆ? ಏನಾಯ್ತು?" ಎಂದಳು ತಂಗಿ.

"ಬೆಳಿಗ್ಗೆ ಇದಕ್ಕೆ ನಮ್ ನೀರು ಹಾಕ್ದೆ. ಬಸ್ಸಲ್ಲೇ ಕರಗೋಯ್ತು."

ಗಿರಾಕಿ ಕೈ ಹಿಂದೆಳೆದುಕೊಂಡಳು. ಮೇಡಂ ಓಡಿ ಬಂದು ಗಿರಾಕಿಯ ಕಡೆ ನೋಡಿ ನಕ್ಕಳು. "ಏನಿಲ್ಲ ಮೇಡಂ, ಹಾಳು ಪ್ಲಾಸ್ಟಿಕ್ಕು, ಬಿಸಿಲಿಗೆ ಕರಗಿದೆ. ಸಣ್ಣಿ, ಆಚೆ ನಡಿ."

"ಹೆಸರು ಹೇಳಿ ಮೇಡಂ, ಹೋಗ್ತೀನಿ. ನನ್ ಕೈ ಹೆಂಗೂ ಹೋಯ್ತು. ಡಾಕ್ಟರಮ್ಮಂಗೆ ಹೆಸರು ಬೇಕು."

"ನೀರು! ಎಷ್ಟ್ ಸಲ ಬಡ್ಕೊಳ್ಲಿ?"

"ಆಯ್ತು, ಹೆಸರು ಬೇಡ. ಇವಳಿಗೆ ಗ್ಲೌಸ್ ಕೊಡಿಸಿ."

"ಬರೀ ನೀರು ಮುಟ್ಟೋಕೆ ಯಾರಾದ್ರೂ ಗ್ಲೌಸ್ ಹಾಕ್ತಾರೇನೇ? ಗಿರಾಕಿಗಳು ಏನ್ ರೋಗಾನೋ ಅಂದ್ಕೊಳ್ಳಲ್ವಾ?"

ತಂಗಿ ಬ್ರಷ್ಷಿನ ತುದಿಯಲ್ಲಿ ಹೊಸ ಮುತ್ತು ಕೂರಿಸಿಕೊಂಡಳು. ಅವಳು ಪಿಸುಗುಟ್ಟಿದಳು, "ಅಕ್ಕಾ, ಕುರ್ಚಿ ಸಿಕ್ಕಿದೆ ಕಣೆ. ಇವತ್ತು ಬಿಟ್ರೆ ಮನೆ ಹೆಂಗೆ ನಡೆಯುತ್ತೆ?"

ಸಣ್ಣಿ ತನ್ನ ಎರಡೂ ಕೈಗಳನ್ನು ದೀಪದ ಕೆಳಗೆ ಚಾಚಿದಳು. ಕೀವು, ಸೀಳು, ಬುಡ ಬಿಟ್ಟ ಉಗುರು. "ನಂದು ಹೋಯ್ತು. ನಿಂದೂ ಹೋದ್ರೆ ಮನೇಲಿ ಇನ್ಯಾರ ಕೈ ಇದೆ, ಹೇಳು?"

ತಂಗಿ ಆ ಕೈಗಳನ್ನು ನೋಡಿದಳು. ಆಮೇಲೆ ಬ್ರಷ್ಷನ್ನು ಟವಲಿನ ಮೇಲೆ ಮಲಗಿಸಿದಳು. ಮುತ್ತು ತುದಿಯಲ್ಲೇ ಇತ್ತು.

ಆ ಅಂಗಡಿಯಲ್ಲಿ ಯಾರೂ ಬ್ರಷ್ಷನ್ನು ಹಾಗೆ ಇಡುವುದಿಲ್ಲ. ಮುತ್ತು ಅಲ್ಲೇ ಬಿಗಿದರೆ ಕೂದಲೆಲ್ಲ ಒಂದಾಗಿ ಬ್ರಷ್ಷು ಕಡ್ಡಿಯಾಗುತ್ತದೆ, ಮತ್ತೆ ಯಾವುದಕ್ಕೂ ಬಾರದು. ಪಕ್ಕದ ಹುಡುಗಿ ಇದನ್ನು ನೋಡಿದಳು. ತನ್ನ ಬ್ರಷ್ಷನ್ನು ನೀರಿಗೆ ಅದ್ದಿ, ಹಿಟ್ಟಿಗೆ ಮುಟ್ಟಿಸಿ, ದಪ್ಪ ಮುತ್ತು ಕೂರಿಸಿ ಅವಳೂ ಕೆಳಗಿಟ್ಟಳು. ಅವಳಾಚೆಯವಳೂ ಇಟ್ಟಳು. ಅವರ ಬೆರಳುಗಳಲ್ಲೂ ಗುಳ್ಳೆಗಳಿದ್ದವು. ಇಷ್ಟು ದಿನ ಒಬ್ಬರಿಗೊಬ್ಬರು ತೋರಿಸಿಕೊಂಡಿರಲಿಲ್ಲ, ಅಷ್ಟೆ. ದೊಡ್ಡಕ್ಕ ಮಿಷನ್ನಿನ ಸ್ವಿಚ್ಚು ಆರಿಸಿದಳು.

"ಏಯ್, ಬ್ರಷ್! ಬ್ರಷ್ ಹಾಳಾಗುತ್ತೆ ಕಣ್ರೇ! ತೊಳೀರೇ ಬೇಗ!" ಮೇಡಂ ಕಿರುಚಿದಳು.

ಬ್ರಷ್ಷು ತೊಳೆಯುವುದೆಂದರೆ ಅದೇ ನೀರಿನಲ್ಲಿ ಅದ್ದಿ, ಬೆರಳಲ್ಲಿ ಹಿಂಡಿ ಹಿಂಡಿ ಮುತ್ತು ಬಿಡಿಸುವುದು. ಹುಡುಗಿಯರು ದಿನವೂ ಬರಿಗೈಯಲ್ಲಿ ಮಾಡುತ್ತಿದ್ದ ಕೆಲಸ. ಈಗ ಯಾರೂ ಅಲ್ಲಾಡಲಿಲ್ಲ.

ಮೇಡಂ ತಾನೇ ನುಗ್ಗಿದಳು. ಒಂದು ಹೆಜ್ಜೆ ಇಟ್ಟವಳು ಗಕ್ಕನೆ ನಿಂತು, ಹಿಂದಿರುಗಿ, ತನ್ನ ಮೇಜಿನ ಡ್ರಾಯರಿಗೆ ಕೀಲಿ ಹಾಕಿ ತೆಗೆದಳು. ಒಳಗಿಂದ ಒಂದು ಜೊತೆ ನೀಲಿ ಗ್ಲೌಸ್ ಎಳೆದು, ಅವಸರ ಅವಸರವಾಗಿ ಎರಡೂ ಕೈಗೆ ಮಣಿಕಟ್ಟಿನವರೆಗೆ ಏರಿಸಿಕೊಂಡಳು. ಆಮೇಲೆ ಓಡಿ ಬಂದು ತಂಗಿಯ ಬ್ರಷ್ಷನ್ನು ಬಟ್ಟಲಿಗೆ ಅದ್ದಿ ಹಿಂಡತೊಡಗಿದಳು.

ಹುಡುಗಿಯರು ನೋಡುತ್ತಿದ್ದರು. ಗಿರಾಕಿಗಳೂ ನೋಡುತ್ತಿದ್ದರು. ಇಷ್ಟು ವರ್ಷ ಮೇಡಂ ಎದುರು ಒಂದು ಮಾತು ಎತ್ತಿ ಆಡದಿದ್ದ ದೊಡ್ಡಕ್ಕ ಕುರ್ಚಿ ಬಿಟ್ಟು ಎದ್ದು ನಿಂತಳು.

"ಮೇಡಂ, ನೀರಿಗೆ ಗ್ಲೌಸ್ ಯಾಕೆ?"