ತಿಪ್ಪೆಗೆ ಬಿದ್ದ ಬಿಳಿ ಗುಳಿಗೆ

ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿ ಪರಪ್ಪ ಎಂಬ ರೈತನಿದ್ದ. ನಾಲ್ಕು ಮಂದಿ ಏನಂದಾರು ಎಂಬುದೇ ಅವನ ಊಟ, ಅದೇ ಅವನ ನಿದ್ದೆ. ಎಪ್ಪತ್ತಾರನೆಯ ಇಸವಿಯ ಸುಗ್ಗಿ ಮುಗಿದ ಮೇಲೆ ಅವನ ಹೆಂಡತಿ ಕರೆವ್ವ ಮಂಕಾದಳು. ರೊಟ್ಟಿ ಬಡಿಯಲು ಕುಳಿತರೆ ನಾದಿದ ಹಿಟ್ಟು ಒಣಗುವ ತನಕ ಸುಮ್ಮನೆ ಕುಳಿತೇ ಇರುವಳು. ಮೂರು ವರ್ಷದ ಮಗಳು ಅತ್ತರೂ ಕೈ ಚಾಚುತ್ತಿರಲಿಲ್ಲ. ಊಟ ಸೇರದು, ನಿದ್ದೆ ಹತ್ತದು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಸವದತ್ತಿಯ ಡಾಕ್ಟರು ನೋಡಿ, ಇದು ಮನಸ್ಸಿನ ಬೇನೆ, ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದರು. ಪರಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆ ಕಡೆ ಯಾರಾದರೂ ಹುಚ್ಚುಚ್ಚಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸ್ರೋ" ಎಂದೇ ನಗುವುದು. ಪರಪ್ಪನೇ ಎಷ್ಟೋ ಮಂದಿಗೆ ಹಾಗೆ ಅಂದು ನಕ್ಕವನು. ಈಗ ನೆಂಟರ ಮದುವೆಯೆಂದು ಊರಿಗೆ ಸುಳ್ಳು ಹೇಳಿ, ಹೆಂಡತಿಯನ್ನು ತೋರಿಸಿಕೊಂಡು ಬಂದ.

ಧಾರವಾಡದ ಡಾಕ್ಟರು ಎರಡು ಬಗೆಯ ಗುಳಿಗೆ ಕೊಟ್ಟಿದ್ದರು. ಬಿಳಿಯದು ಮನಸ್ಸಿನ ಬೇನೆಗೆ. ಹಳದಿಯದು ವಿಟಮಿನ್ನು, ಊಟ ಬಿಟ್ಟು ಸೊರಗಿದ್ದಾಳೆ, ನರಗಳಿಗೂ ಮೆದುಳಿಗೂ ಅದು ಬೇಕು ಎಂದಿದ್ದರು. ಎರಡನ್ನೂ ತಪ್ಪಿಸದೆ ಕೊಡು, ಬಿಳಿಯದು ಗುಣ ತೋರಿಸಲು ಮೂರು ನಾಲ್ಕು ವಾರ ಬೇಕು ಎಂದೂ ಹೇಳಿದ್ದರು.

ನೆರೆಮನೆಯ ಬಾಯವ್ವ ಪೊಟ್ಟಣ ನೋಡಿ ಇದೇನೆಂದು ಕೇಳಿದಳು. ಪರಪ್ಪ ತಟ್ಟನೆ ಶಕ್ತಿ ಗುಳಿಗೆ ಎಂದುಬಿಟ್ಟ. ಶಕ್ತಿ ಯಾರಿಗೆ ಬೇಡ? ಮರುದಿನದಿಂದ ಬಾಯವ್ವನ ಮೊಣಕಾಲಿಗೊಂದು, ಅವಳ ಗಂಡ ದುರ್ಗಪ್ಪನ ಸುಸ್ತಿಗೊಂದು. ಕೊಡದಿದ್ದರೆ ಸಂಶಯ ಬರುತ್ತದೆಂದು ಹಳದಿ ಗುಳಿಗೆ ಹಂಚಿದ, ತೀರಿದರೆ ಸವದತ್ತಿಯ ಅಂಗಡಿಯಿಂದ ತಂದ. ಬಿಳಿಯದರ ಗುಟ್ಟು ಹೊರಬಿದ್ದರೆ ಗತಿಯೇನು ಎಂಬ ಹೆದರಿಕೆ ಮಾತ್ರ ಹೋಗಲಿಲ್ಲ. ಅದನ್ನು ನುಂಗಿದ ನಾಲ್ಕು ದಿನ ಕರೆವ್ವನಿಗೆ ಬಾಯಿ ಒಣಗಿ ತೂಕಡಿಕೆ ಬಂದಿತ್ತು. ಅಷ್ಟೇ ನೆವ ಸಾಕಾಯಿತು. ಬಿಳಿ ಗುಳಿಗೆಗಳನ್ನೆಲ್ಲ ತಿಪ್ಪೆಗೆ ಸುರಿದು ಮೇಲೆ ಸೆಗಣಿ ಎಳೆದ. ಎರಡೂ ಔಷಧ ಈಗ ಈ ಹಳದಿ ಗುಳಿಗೆಯಲ್ಲೇ ಇದೆ ಎಂದು ಹೆಂಡತಿಗೆ ಹೇಳಿದ. ಅವಳು ನಂಬಿದಳು.

ಎರಡು ತಿಂಗಳಲ್ಲಿ ಕರೆವ್ವ ಹಾಸಿಗೆ ಬಿಟ್ಟೇಳದಾದಳು. ಒಂದು ಮುಂಜಾನೆ, ಮಗಳನ್ನು ತವರಿಗೆ ಬಿಟ್ಟು ಬನ್ನಿ, ನಾನಿನ್ನು ಬಹಳ ದಿನ ಇರುವುದಿಲ್ಲ ಎಂದಳು. ಪರಪ್ಪ ಓಡಿಹೋಗಿ ಊರಿನ ನರ್ಸಬಾಯಿ ಇಂದ್ರವ್ವನನ್ನು ಕರೆತಂದ. ಧಾರವಾಡಕ್ಕೆ ತೋರಿಸಿ ಬಂದದ್ದನ್ನಷ್ಟೇ ದಾರಿಯಲ್ಲಿ ಅವಳ ಕಿವಿಗೆ ಹಾಕಿದ್ದ.

ಬಾಯವ್ವ ಆಗಲೇ ಪಡಸಾಲೆಯಲ್ಲಿ ಕುಳಿತಿದ್ದಳು, ಗುಳಿಗೆಗೇ ಬಂದಿದ್ದಳೆನ್ನಿ. ಧಾರವಾಡದವರು ಕೊಟ್ಟ ಔಷಧ ತೋರಿಸಿ ಎಂದಳು ನರ್ಸಬಾಯಿ. ಪರಪ್ಪ ಹಳದಿ ಪೊಟ್ಟಣ ಮುಂದಿಟ್ಟ. ಇಷ್ಟೇನಾ ಎಂದರೆ ಕೆಮ್ಮಿದ, ಜಂತಿ ನೋಡಿದ. ಆಗ ಕರೆವ್ವ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಅವರದೇನೂ ತಪ್ಪಿಲ್ಲರಿ ಬಾಯಾರ. ದಿನಾ ತಪ್ಪದ ಕೊಟ್ಟಾರ. ನಾನ ಕರ್ಮಗೇಡಿ, ನನಗ ಔಷಧ ಸುದ್ದಾ ಹತ್ತವಲ್ದು."

ಪರಪ್ಪನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ತಾನು ಮಾನ ಉಳಿಸಿಕೊಂಡೆನೆಂದು ತಿರುಗುತ್ತಿದ್ದರೆ, ಈ ಹೆಂಗಸು ಗಂಡನ ತಪ್ಪನ್ನೆಲ್ಲ ತನ್ನ ತಲೆಗೆ ಕಟ್ಟಿಕೊಂಡು ಸಾಯಲು ಹೊರಟಿದ್ದಳು. ನಾಚಿಕೆಯಿಂದ ಅವನ ಮೈ ಹಿಡಿಯಾಯಿತು. ಬಾಯವ್ವನ ಎದುರೇ ಹೇಳಿದ:

"ಔಷಧ ಹತ್ತಲಿಲ್ಲಂತ ಅಲ್ಲ, ನಾ ಕೊಡಲೇ ಇಲ್ಲ. ಮಂದಿಗಿ ನಾಚಿ ಬಿಳಿ ಗುಳಿಗಿ ತಿಪ್ಪಿಗಿ ಚೆಲ್ಲೇನಿ."

ಬಾಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ಅವಳಿಗೊಂದು ಅನುಮಾನ. ಈ ಹಳದಿಯದನ್ನೇ ಎರಡೆರಡು ಕೊಟ್ಟರೆ ನಡೆಯದೇ ಎಂದಳು.

"ಹತ್ತಿಗಿ ಹುಳ ಬಿದ್ದಾಗ ಬರೇ ಗೊಬ್ಬರ ಹಾಕಿದ್ರ ಹುಳ ಸಾಯತಾವೇನ ಬಾಯವ್ವಾ?" ಎಂದಳು ಇಂದ್ರವ್ವ. "ಹುಳಕ್ಕ ಔಷಧದ ಎಣ್ಣಿ ಹೊಡೀಬೇಕು, ಸೊರಗಿದ ಗಿಡಕ್ಕ ಗೊಬ್ಬರಾನೂ ಬೇಕು. ಅದರ ಕೆಲಸ ಅದಕ್ಕ, ಇದರ ಕೆಲಸ ಇದಕ್ಕ."

ಬಾಯಿ ಒಣಗಿದರೆ, ತೂಕಡಿಕೆ ಬಂದರೆ ಡಾಕ್ಟರಿಗೆ ಹೇಳಬೇಕು, ತಾವೇ ನಿಲ್ಲಿಸಬಾರದು ಎಂದೂ ತಿಳಿಸಿದಳು. ಸಾಯುವ ಮಾತು ಬಂದ ಮೇಲೆ ಒಂಟಿಯಾಗಿ ಬಿಡಬಾರದು, ಇವತ್ತೇ ಧಾರವಾಡಕ್ಕೆ ಹೊರಡಿ ಎಂದು ತಾನೂ ಜೊತೆಗೆ ಬಸ್ ಹತ್ತಿದಳು. ಬಾಯವ್ವ ಕೇಳದೆಯೇ ಮಗುವನ್ನು ತನ್ನ ಮನೆಗೆ ಎತ್ತಿಕೊಂಡು ಹೋದಳು.

ಈ ಸಲ ಎರಡೂ ಗುಳಿಗೆ ಸರಿಯಾಗಿ ನಡೆದವು. ಆರನೆಯ ವಾರ ಕರೆವ್ವನಿಗೆ ಸಿಟ್ಟು ಬಂತು. ಎಷ್ಟೋ ದಿನದ ಮೇಲೆ ಎದ್ದು ನಿಂತು ಗಂಡನ ಮುಖ ನೋಡಿ ಕೇಳಿದಳು:

"ನನ್ನ ಎರಡ ತಿಂಗಳು ಯಾರ ತಿರುಗಿ ಕೊಡತಾರ?"

ಪರಪ್ಪ ತಲೆ ತಗ್ಗಿಸಿ ಒಳಗೆ ಹೋಗಿ, ಅವತ್ತಿನ ಬಿಳಿ ಗುಳಿಗೆಯನ್ನೂ ನೀರನ್ನೂ ತಂದು ಅವಳ ಮುಂದೆ ಹಿಡಿದ.

ಓದಿದವರೇ, ಕೇಳಿದವರೇ, ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಂಕಾಗಿದ್ದರೆ ಡಾಕ್ಟರಿಗೆ ತೋರಿಸಿ. ವಿಟಮಿನ್ ಮನಸ್ಸಿನ ಔಷಧಕ್ಕೆ ಜೊತೆಗಾರ, ಬದಲಿ ಅಲ್ಲ. ಡಾಕ್ಟರನ್ನು ಕೇಳದೆ ಒಂದನ್ನು ಸೇರಿಸಬೇಡಿ, ಇನ್ನೊಂದನ್ನು ಬಿಡಬೇಡಿ, ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಹಂಚಬೇಡಿ. ನಾಚಿಕೆ ಬಂದರೆ ಬರಲಿ, ನಾಲ್ಕು ದಿನ ಇದ್ದು ಹೋಗುತ್ತದೆ. ಹೋದ ಜೀವ ತಿರುಗಿ ಬರುವುದಿಲ್ಲ.