ಗೆರೆಯ ಹೊರಗಿನ ಪಾರೆ

ನಾಯ್ಮಾರ್ಮೂಲೆಯ ಬೇಕರಿಯ ಮೇಲಿನ ಮಹಡಿಯಲ್ಲಿ ನಕ್ಷೆ ತಯಾರಿಸುವ ಒಂದು ಸಣ್ಣ ಕಚೇರಿ ಇತ್ತು. ಅಲ್ಲಿ ಉಜ್ವಲಾಳ ಕೆಲಸ ಗೆರೆ ಎಳೆಯುವುದು. ಡ್ರೋನ್ ತೆಗೆದ ಚಿತ್ರಗಳು ಬಹಳ ಭಾರ. ಹಾಗೆಯೇ ಕಳಿಸಿದರೆ ಯಾರ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ, ಕುಗ್ಗಿಸಲೇಬೇಕು. ಮನೆ, ದಾರಿ, ಬಾವಿ, ತೋಟಗಳ ಸುತ್ತ ಅವಳು ಗೆರೆ ಹಾಕುವಳು. ಗೆರೆಯ ಒಳಗಿನದು ಸ್ಪಷ್ಟವಾಗಿ ಉಳಿಯುತ್ತದೆ. ಹೊರಗಿನದನ್ನು ಕಂಪ್ಯೂಟರ್ ಹಿಂಡಿ ಮಸುಕು ಮಾಡುತ್ತದೆ. ಹಾಗೆ ಕಳೆದ ವಿವರ ಆ ಚಿತ್ರಕ್ಕೆ ಮತ್ತೆ ಬರುವುದಿಲ್ಲ.

ಕುಂಬ್ಡಾಜೆಯ ಒಂದು ಪಾರೆಯನ್ನು, ಬೋಳು ಕಲ್ಲುಗುಡ್ಡವನ್ನು, ಅವಳು ಗೆರೆಯ ಹೊರಗೆ ಬಿಟ್ಟಳು. ಬರೀ ಮುರಕಲ್ಲು, ಒಣಗಿದ ಮುಳಿಹುಲ್ಲು. ಯಾರಿಗೂ ಬೇಡದ ಜಾಗ. ಕುಗ್ಗಿದ ಚಿತ್ರವನ್ನು ತೆರೆದಾಗ ಪಾರೆಯೆಲ್ಲ ಕಂದು ಮಸುಕಾಗಿತ್ತು, ಇಳಿಜಾರಿನ ಒಂದು ಮೂಲೆಯನ್ನು ಬಿಟ್ಟು. ಅಲ್ಲಿ ಹುಲ್ಲಿನ ಎಸಳೆಸಳೂ ಕಾಣುತ್ತಿತ್ತು. ಹುಲ್ಲಿನ ನಡುವೆ ಒಬ್ಬ ಕುಕ್ಕರಗಾಲಿನಲ್ಲಿ ಕುಳಿತು ತಲೆಯೆತ್ತಿ ನೋಡುತ್ತಿದ್ದ. ಮೈಯೆಲ್ಲ ಕೆಂಪು ಮಣ್ಣು.

ಉಜ್ವಲಾ ಮೂಲ ಚಿತ್ರವನ್ನು ತೆರೆದಳು. ಅಲ್ಲಿ ಯಾರೂ ಇರಲಿಲ್ಲ.

ಏನೋ ಎಡವಟ್ಟಾಗಿರಬೇಕೆಂದು ಮತ್ತೊಮ್ಮೆ ಕುಗ್ಗಿಸಿದಳು. ಈ ಸಲ ಆತ ಎದ್ದು ನಿಂತಿದ್ದ. ಪಕ್ಕದ ಮೇಜಿನ ಭವಿತ್‌ನನ್ನು ಕರೆದಳು. ಅವನು ನಕ್ಕು, ತಾನೇ ಕುಗ್ಗಿಸಿ ತೋರಿಸುತ್ತೇನೆಂದು ಕುಳಿತ. ಚಿತ್ರ ತೆರೆದ ಮೇಲೆ ಅವನ ನಗು ನಿಂತಿತು. ಆತ ಪಾರೆಯಿಂದ ಇಳಿದು, ಉಜ್ವಲಾ ಎಳೆದ ಗೆರೆಗೆ ಕಾಲು ತಾಗಿಸಿ ನಿಂತಿದ್ದ. ಗೆರೆಯ ಒಳಗೆ, ಅವನ ಎದುರಿಗೇ, ಒಂದು ಹೆಂಚಿನ ಮನೆ.

"ಮೂಲದಲ್ಲಿ ಇಲ್ಲದ್ದನ್ನು ಇದು ಎಲ್ಲಿಂದ ತಂದದ್ದು ಮಾರಾಯ್ತಿ?" ಎಂದ ಭವಿತ್, ಮೆಲ್ಲಗೆ.

ಮರುದಿನ ಇಬ್ಬರೂ ಸ್ಕೂಟರಿನಲ್ಲಿ ಕುಂಬ್ಡಾಜೆಗೆ ಹೊರಟರು. ಆ ಹೆಂಚಿನ ಮನೆಯಲ್ಲಿ ಪುಷ್ಪಾವತಿ ಎಂಬ ವಯಸ್ಸಾದ ಹೆಂಗಸಿದ್ದರು. ಹೇಗೆ ಶುರುಮಾಡುವುದೆಂದು ತಿಳಿಯದೆ ಉಜ್ವಲಾ ಮೊಬೈಲನ್ನೇ ಅವರ ಕೈಗಿತ್ತಳು. ಅವರು ಜಗಲಿಯ ನೆರಳಿಗೆ ಸರಿದು ಬಹಳ ಹೊತ್ತು ನೋಡಿದರು.

"ಇದು ನಮ್ಮ ಮಹಾಬಲ ಭಾವ," ಎಂದರು. "ಅವರು ಸತ್ತು ನಲವತ್ತು ವರ್ಷದ ಮೇಲಾಯ್ತು."

ಗಂಡನ ಅಣ್ಣ ಅವರು. ಆ ಮನೆಗೆ ಬೇಸಿಗೆಯಲ್ಲಿ ನೀರೇ ಇರುತ್ತಿರಲಿಲ್ಲ. ನೀರಿನ ಒರತೆ ಹುಡುಕಿ ಪಾರೆಯ ಹೊಟ್ಟೆಗೆ ಸುರಂಗ ಕೊರೆಯುತ್ತಿದ್ದ ಮಹಾಬಲರ ಮೇಲೆ ಮಣ್ಣು ಕುಸಿಯಿತು. ಊರವರು ಅಗೆದು ಅಗೆದು ಸೋತರು. ಕೊನೆಗೆ ಸುರಂಗದ ಬಾಯಿಗೆ ಕಲ್ಲು ಪೇರಿಸಿ ಹಿಂದೆ ಬಂದರು. ಆ ಕಡೆ ಯಾರೂ ಹೋಗಬಾರದು, ಅವನ ಹೆಸರೆತ್ತಬಾರದು ಎಂದು ಅತ್ತೆ, ಮಹಾಬಲರ ತಾಯಿ, ಕಟ್ಟಪ್ಪಣೆ ಮಾಡಿದರು. ಹುಲ್ಲು ಬೆಳೆದು ಮುಚ್ಚಿತು. ಜಾಗ ಯಾವುದೆಂದು ಮನೆಯ ಮಕ್ಕಳಿಗೂ ತಿಳಿಯದೆ ಹೋಯಿತು.

ಮೊಬೈಲಿನ ನಕ್ಷೆ ಹಿಡಿದು, ಚಿತ್ರದಲ್ಲಿ ಆತ ಮೊದಲು ಕುಳಿತಿದ್ದ ಮೂಲೆಗೆ ಮೂವರೂ ಹತ್ತಿದರು. ಮಧ್ಯಾಹ್ನದ ಬಿಸಿಲಿಗೆ ಮುರಕಲ್ಲು ಚಪ್ಪಲಿಯನ್ನೂ ದಾಟಿ ಸುಡುತ್ತಿತ್ತು. ಹುಲ್ಲು ಸರಿಸಿದಲ್ಲಿ ಪೇರಿಸಿದ ಕಲ್ಲುಗಳು ಕಂಡವು. ಅವುಗಳ ಸಂದಿನಿಂದ ತಣ್ಣನೆಯ ಗಾಳಿ ಬಂದು ಉಜ್ವಲಾಳ ಪಾದಕ್ಕೆ ತಾಗಿತು, ನಿಂತಿತು, ಮತ್ತೆ ಬಂತು, ಯಾರೋ ಉಸಿರಾಡಿದ ಹಾಗೆ. ಭವಿತ್ ಹಿಂದಕ್ಕೆ ಸರಿದ. ಪುಷ್ಪಾವತಿ ಮಾತ್ರ ಸೆರಗು ಹೊದ್ದು ಕೈಮುಗಿದರು.

"ಅವರನ್ನು ನಿಮ್ಮ ಗೆರೆಯ ಹೊರಗೆ ಇಡಬೇಡಿ. ಒಳಗೆ ಸೇರಿಸಿ," ಎಂದರು.

ಕಚೇರಿಗೆ ಮರಳಿ ಉಜ್ವಲಾ ಪಾರೆಯೂ ಒಳಗೆ ಬರುವಂತೆ ಗೆರೆ ಎಳೆದಳು. ಈ ಸಲದ ಚಿತ್ರದಲ್ಲಿ ಕಲ್ಲು, ಹುಲ್ಲು ಎಲ್ಲವೂ ನಿಚ್ಚಳವಾಗಿದ್ದವು. ಆತ ಇರಲಿಲ್ಲ. ಮನೆಯ ಅಂಗಳವನ್ನೂ ದೊಡ್ಡದು ಮಾಡಿ ಹುಡುಕಿದಳು; ಅಲ್ಲೂ ಇಲ್ಲ. ನೆಮ್ಮದಿ ಅನಿಸಬೇಕಿತ್ತು, ಅನಿಸಲಿಲ್ಲ.

ಬೆಳಿಗ್ಗೆ ಪುಷ್ಪಾವತಿಯ ಫೋನ್ ಬಂತು. ಮಳೆ ಇನ್ನೂ ಹಿಡಿದಿಲ್ಲ, ಊರಿನ ಬಾವಿಗಳೆಲ್ಲ ಬತ್ತಿವೆ, ಆದರೂ ಆ ಕಲ್ಲುಗಳ ಸಂದಿನಿಂದ ನೀರು ಹರಿದು ಅಂಗಳಕ್ಕೆ ಬರುತ್ತಿದೆಯಂತೆ. ಕುಡಿಯಬಹುದೋ ಬಾರದೋ, ಯಾರಿಗೂ ಧೈರ್ಯವಿಲ್ಲ.

"ಮೊದಲು ಒಂದು ಲೋಟ ಮಹಾಬಲರಿಗೆ ಇಡಿ ಅಕ್ಕ. ಆಮೇಲೆ ನೋಡುವ," ಎಂದಳು ಉಜ್ವಲಾ.

ಅತ್ತ ಕಡೆ ಪಾತ್ರೆಯ ಸದ್ದು, ಹೆಜ್ಜೆಯ ಸದ್ದು ಕೇಳಿತು.

"ಜಗಲಿಯಲ್ಲಿ ಇಟ್ಟು ಈಚೆ ತಿರುಗಿದ್ದು ಅಷ್ಟೇ," ಎಂದರು ಪುಷ್ಪಾವತಿ. "ಲೋಟ ಖಾಲಿ ಉಂಟು."