ತಡವಾಗಿ ಬರುವ ಪಿಯಾನೋ

ಮೊಣಕಾಲಿನ ಆಪರೇಶನ್ ಆಗಿ ಮೂರು ವಾರ ಕಳೆದರೂ ಟೈಮ್‌ಕೀಪರ್ ಕಾಲು ಮಡಚಲು ಒಪ್ಪಿರಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಮೂವತ್ತೈದು ವರ್ಷ ಕೂತು, ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೀಟು ಎಳೆದವರು ಅವರು. ನಿವೃತ್ತರಾದರೂ ಆ ಹೆಸರೇ ಉಳಿದಿತ್ತು. ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಮೇಡಂ "ಇನ್ನೊಂಚೂರು ಮಡಚಿ" ಎಂದರೆ ಸಾಕು, ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದರು.

ಒಂದು ಬೆಳಿಗ್ಗೆ ನೆಲ ಒರೆಸುತ್ತಿದ್ದ ಸೊಸೆ ಜಾಝ್ ಪಿಯಾನೋದ ಆಲ್ಬಮ್ ಒಂದನ್ನು ಹಾಕಿದಳು.

"ಇದೇನಮ್ಮ, ಯಾರೋ ಪಿಯಾನೋ ಜತೆ ಮೆಟ್ಟಿಲಿಂದ ಉರುಳಿ ಬಿದ್ದ ಹಾಗಿದೆ!"

"ಬಿದ್ದೋರು ಇಷ್ಟು ಖುಷಿಯಾಗಿರ್ತಾರಾ ಮಾವ?"

ಟೈಮ್‌ಕೀಪರ್ ದಿಂಬಿನಿಂದ ತಲೆ ಎತ್ತಿದರು. ಕಿವಿಗೊಟ್ಟು ಕೇಳಿದರು. ಡ್ರಮ್ಮು ಸರಿಯಾದ ಹೊತ್ತಿಗೆ ಹಾಜರಾಗುತ್ತಿತ್ತು. ಪಿಯಾನೋದವನು ಮಾತ್ರ ಪ್ರತಿ ಸಲವೂ ಕೂದಲೆಳೆಯಷ್ಟು ತಡ.

"ಲೇಟು!" ಟೈಮ್‌ಕೀಪರ್ ಎದ್ದು ಕೂತರು. "ಮತ್ತೆ ಲೇಟು! ಬೇಕಂತಲೇ ಮಾಡ್ತಿದಾನೆ ಇವನು!"

ಕಳ್ಳನನ್ನು ಹಿಡಿದೇ ತೀರುವೆನೆಂದು ಅದೇ ಹಾಡನ್ನು ಮತ್ತೆ ಹಾಕಿಸಿದರು. ಆದರೆ ಆಸಾಮಿ ಕೈಗೆ ಸಿಗಬೇಕಲ್ಲ! ಇನ್ನೇನು ತಪ್ಪಿತು ಎನ್ನುವಷ್ಟರಲ್ಲಿ ನುಸುಳಿ ಒಳಗೆ ಬಂದು, ಮೂರು ಸ್ವರ ಚೆಲ್ಲಿ, ನಕ್ಕು ಹೋಗುತ್ತಿದ್ದ. ನಾಲ್ಕನೇ ಸಲಕ್ಕೆ ಟೈಮ್‌ಕೀಪರಿಗೇ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ತಡ ಮಾಡಿದವರನ್ನೆಲ್ಲ ನೋಡಿದ್ದರು. ತಡ ಮಾಡುವುದರಲ್ಲಿ ಇಷ್ಟು ಸುಖವಿದೆಯೆಂದು ಒಬ್ಬನೂ ಹೇಳಿರಲಿಲ್ಲ.

"ಮಾವ, ನಿಮ್ಮ ಕಾಲು ನೋಡ್ಕೊಳ್ಳಿ," ಎಂದಳು ಸೊಸೆ.

ಹೊದಿಕೆಯ ಕೆಳಗೆ ಆಪರೇಶನ್ ಆದ ಕಾಲೇ ತಾಳ ಹಾಕುತ್ತ ಮಡಚಿ ಬಿಚ್ಚುತ್ತಿತ್ತು.

"ಸೊಳ್ಳೆ ಕಚ್ಚಿತು," ಎಂದರು ಗಂಭೀರವಾಗಿ.

ಅಂದಿನಿಂದ ದಿನವೂ ಸೊಳ್ಳೆ ಕಚ್ಚಿತು. ಮೊದಲು ಮಂಚದ ಮೇಲೆ, ಆಮೇಲೆ ಕುರ್ಚಿಯಲ್ಲಿ, ಕೊನೆಗೆ ಅಡುಗೆಮನೆಯ ಕಟ್ಟೆ ಹಿಡಿದು ನಿಂತು, ಸೊಂಟವನ್ನೂ ಸೇರಿಸಿಕೊಂಡು.

ಹದಿನೈದು ದಿನ ಬಿಟ್ಟು ಮೇಡಂ ಅಳೆದು ನೋಡಿದರೆ ಮೊಣಕಾಲು ನೂರ ಹತ್ತು ಡಿಗ್ರಿ ಮಡಚುತ್ತಿತ್ತು. ಆಕೆಯ ಕಣ್ಣಲ್ಲಿ ನೀರೇ ಬಂತು.

"ನಾನು ಹೇಳಿಕೊಟ್ಟ ವ್ಯಾಯಾಮನೇ ಅಲ್ವಾ ಸಾರ್? ಇನ್ಮೇಲೆ ಎಲ್ಲಾ ಪೇಶೆಂಟ್‌ಗೂ ಇದನ್ನೇ ಮಾಡಿಸ್ತೀನಿ!"

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಟೈಮ್‌ಕೀಪರ್ ಮೊದಲು ಹೂಂಗುಟ್ಟಿದರು. ಆದರೆ ಅರಚುವ ಪೇಶೆಂಟುಗಳ ಸಾಲು ಕಣ್ಣ ಮುಂದೆ ಬಂತು.

"ಮೇಡಂ, ಅದಲ್ಲ. ಬರ್ಕೊಳ್ಳಿ," ಎಂದು ಆಲ್ಬಮ್ಮಿನ ಹೆಸರು ಹೇಳಿದರು. "ದಿನಕ್ಕೆ ಎರಡು ಸಲ, ತಿಂಡಿ ಆದ್ಮೇಲೆ. ಮೂರನೇ ಹಾಡು ಮಾತ್ರ ಕೂತೇ ಕೇಳ್ಬೇಕು. ನಿಂತ್ರೆ ಕುಣಿದೂ ಕುಣಿದೂ ಇನ್ನೊಂದು ಕಾಲಿಗೂ ಆಪರೇಶನ್ ಆಗತ್ತೆ."